ನೀಲಿ ಪ್ಯಾಂಟಿಗೆ ಹಸಿರು ಚೀಟಿ

ವಾರಾಂತ್ಯದಲ್ಲಿ ನಮ್ಮ ಅಂಗಡಿಗೆ ಬರೋ ಹುಡುಗ ಹುಡುಗಿಯರು ಪ್ಯಾಂಟಿನ ಬಟ್ಟೆ ಮುಟ್ಟಿ ನೋಡೋಕೆ ಮೊದಲೇ ಅದಕ್ಕೆ ಕಟ್ಟಿರೋ ಚೀಟಿ ತಿರುಗಿಸಿ ನೋಡ್ತಾರೆ. ಅದರಲ್ಲಿ ಸೊಂಟದ ಅಳತೆ, ಬೆಲೆ, ಹೊಲಿದವರ ಹೆಸರು ಬಿಟ್ಟರೆ ಬೇರೇನೂ ಇರಲ್ಲ. ಆಗ ಪ್ರಶ್ನೆ ಬರುತ್ತೆ, ‘ನಿಮ್ದು ಸಸ್ಟೇನಬಲ್ ಬ್ರ್ಯಾಂಡ್ ಅಲ್ವಾ?’ ಅಲ್ಲ ಅಂತೀನಿ. ಮುಖ ಸಣ್ಣ ಮಾಡ್ಕೊಳ್ತಾರೆ. ಮೂರು ಮಿಷಿನ್ನು, ನಾಲ್ಕು ಜನ ಇರೋ ಇಷ್ಟು ಪುಟ್ಟ ಜೀನ್ಸ್ ಅಂಗಡಿ ಸಸ್ಟೇನಬಲ್ ಅಲ್ದೆ ಇನ್ನೇನು ಅನ್ನೋದು ಅವರ ಲೆಕ್ಕ.

ಆ ಪದವನ್ನ ನಮ್ಮ ಚೀಟಿ ಮೇಲೆ ನಾನು ಅಚ್ಚು ಹಾಕಿಸೋದಿಲ್ಲ. ಇದರಲ್ಲಿ ವಿನಯ ಗಿನಯ ಏನೂ ಇಲ್ಲ. ಒಂದು ಪ್ಯಾಂಟು ಈ ಭೂಮಿಗೆ ಎಷ್ಟು ಭಾರ ಅನ್ನೋದು ಮುಖ್ಯವಾಗಿ ಎರಡು ವಿಷಯದ ಮೇಲೆ ನಿಂತಿದೆ. ಅದನ್ನ ನೀವು ಎಷ್ಟು ವರ್ಷ ಹಾಕ್ಕೊಳ್ತೀರಿ ಅನ್ನೋದು ಒಂದು. ಅದನ್ನ ತಯಾರು ಮಾಡುವಾಗ ಬಂದ ಕೊಳಕು ನೀರು ಯಾರ ಊರಿನ ಹಳ್ಳಕ್ಕೆ ಹೋಯ್ತು ಅನ್ನೋದು ಇನ್ನೊಂದು. ಮೊದಲನೆಯದು ನೀವು ಪ್ಯಾಂಟು ಕೊಂಡ ಮೇಲೆ ತೀರ್ಮಾನ ಆಗೋದು, ಹಾಗಾಗಿ ಚೀಟಿ ಬರೆಯುವಾಗ ಗೊತ್ತಿರೋದೇ ಇಲ್ಲ. ಎರಡನೆಯದು ಗೊತ್ತಿರುತ್ತೆ, ಆದರೆ ಬರೆಯೋದಿಲ್ಲ. ಇವೆರಡನ್ನೂ ಮರೆಮಾಚಿ ಕೊಳ್ಳೋರಿಗೆ ಒಂದು ಸಮಾಧಾನ ಮಾರೋದಕ್ಕೆ ಆ ಪದ ಬಂದಿದೆ ಅನ್ನೋದು ನನ್ನ ತಕರಾರು.

ಇದು ಸಣ್ಣ ವ್ಯಾಪಾರಿಯ ಹೊಟ್ಟೆಕಿಚ್ಚು ಅಂತ ಅನ್ನಿಸಿದ್ರೆ ಆ ಪದದ ಜಾತಕ ಸ್ವಲ್ಪ ನೋಡಿ. 2022ರಲ್ಲಿ ನೆದರ್ಲೆಂಡ್ಸ್‌ನ ಗ್ರಾಹಕ ಪ್ರಾಧಿಕಾರ ಎಚ್ ಅಂಡ್ ಎಂ ಮತ್ತು ಡೆಕಾಥ್ಲಾನ್ ಕಂಪನಿಗಳನ್ನ ಕೇಳ್ತು, ನಿಮ್ಮ ‘ಕಾನ್ಷಿಯಸ್’, ‘ಇಕೋಡಿಸೈನ್’ ಅನ್ನೋ ಚೀಟಿಗಳಿಗೆ ಅರ್ಥ ಏನು ಅಂತ. ಸ್ಪಷ್ಟವಾದ ಉತ್ತರ ಇರಲಿಲ್ಲ. ಕೊನೆಗೆ ಎರಡೂ ಕಂಪನಿಗಳು ಆ ಚೀಟಿಗಳನ್ನ ತೆಗೀತೀವಿ ಅಥವಾ ಬದಲಿಸ್ತೀವಿ ಅಂತ ಒಪ್ಪಿಕೊಂಡವು. ಒಂದು 5 ಲಕ್ಷ ಯೂರೋ, ಇನ್ನೊಂದು 4 ಲಕ್ಷ ಯೂರೋ ಒಳ್ಳೆ ಕೆಲಸಕ್ಕೆ ದೇಣಿಗೆ ಕೊಡ್ತೀವಿ ಅಂದವು. ಅದಕ್ಕೂ ಎರಡು ವರ್ಷ ಮುಂಚೆ, 2020ರಲ್ಲಿ, ಸಾವಯವ ಬಟ್ಟೆಗೆ ಜಗತ್ತಿನಾದ್ಯಂತ ಮುದ್ರೆ ಒತ್ತೋ ಗಾಟ್ಸ್ ಸಂಸ್ಥೆಯೇ ಒಂದು ಸುದ್ದಿ ಹೊರಹಾಕಿತ್ತು: ಭಾರತದಲ್ಲಿ 20,000 ಟನ್ ಮಾಮೂಲಿ ಹತ್ತಿ ಸುಳ್ಳು ದಾಖಲೆ ಹೊತ್ಕೊಂಡು ಸಾವಯವ ಹತ್ತಿ ಅಂತ ಸಾಗಿದೆ. ಇನ್ನು ನಮ್ಮ ದೇಶದಲ್ಲಿ, 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ, ಗ್ರೀನ್, ಇಕೋ ಫ್ರೆಂಡ್ಲಿ ಅಂತೆಲ್ಲ ಬರ್ಕೊಳ್ಳೋರು ಅದಕ್ಕೆ ಆಧಾರ ಕೊಡಬೇಕು ಅಂತ ಹೇಳ್ತು. ಹೇಳಬೇಕಾಗಿ ಬಂತು ಅಂದ್ರೆ ಅಲ್ಲೀವರೆಗೆ ಏನು ನಡೀತಿತ್ತು ಅಂತ ಊಹೆ ಮಾಡ್ಕೊಳ್ಳಿ.

ಚೀಟಿ ವಿಷಯ ಬಿಡಿ, ಪ್ಯಾಂಟಿಗೆ ಬರೋಣ. ಡೆನಿಮ್ ಬಗ್ಗೆ ಒಂದು ಸಂಗತಿ ಗೊತ್ತಾದರೆ ಈ ಇಡೀ ಉದ್ಯಮದ ವಿಚಿತ್ರ ಅರ್ಥ ಆಗುತ್ತೆ.

ಜೀನ್ಸಿನ ನೀಲಿ ಬಣ್ಣ, ಅಂದರೆ ಇಂಡಿಗೋ, ನೀರಲ್ಲಿ ಕರಗೋದಿಲ್ಲ. ಅದಕ್ಕೆ ಸೋಡಿಯಂ ಹೈಡ್ರೋಸಲ್ಫೈಟ್‌ನಂಥ ರಾಸಾಯನಿಕ ಬೆರೆಸಿ ಕರಗೋ ಹಾಗೆ ಮಾಡ್ತಾರೆ. ಆ ತೊಟ್ಟಿಯಲ್ಲಿ ಹತ್ತಿ ನೂಲನ್ನ ಅದ್ದಿ ಮೇಲೆತ್ತುತ್ತಾರೆ. ಹೊರಗೆ ಬಂದಾಗ ನೂಲು ಹಳದಿ ಹಸಿರು. ಗಾಳಿ ತಾಗ್ತಾ ತಾಗ್ತಾ ಕಣ್ಣೆದುರಿಗೇ ನೀಲಿಗೆ ತಿರುಗುತ್ತೆ. ಮತ್ತೆ ಅದ್ದು, ಮತ್ತೆ ಗಾಳಿಗೆ ಹಿಡಿ. ಎಷ್ಟು ಸಲ ಅದ್ದಿದರೂ ಬಣ್ಣ ನೂಲಿನ ಹೊಟ್ಟೆಯೊಳಕ್ಕೆ ಇಳಿಯಲ್ಲ, ಹೊರಗಡೆ ಸುತ್ತ ಕವಚದ ಹಾಗೆ ಕೂರುತ್ತೆ, ಒಳಗೆ ಬಿಳಿ ಹಾಗೇ ಉಳಿಯುತ್ತೆ. ನೀವು ಕೂತು ಎದ್ದು ಓಡಾಡಿ ಬಟ್ಟೆ ಉಜ್ಜಿದ ಹಾಗೆ ಆ ಕವಚ ಸವೆದು ಒಳಗಿನ ಬಿಳಿ ಇಣುಕುತ್ತೆ. ಮಂಡಿ ಹತ್ರ ಒಂದು ಥರ, ಜೇಬಲ್ಲಿ ಫೋನ್ ಇಡೋ ಕಡೆ ಇನ್ನೊಂದು ಥರ. ಮಾಸೋದು ಡೆನಿಮ್ಮಿನ ದೋಷ ಅಲ್ಲ, ಹುಟ್ಟುಗುಣ. ಎರಡು ವರ್ಷ ಹಾಕಿದ ಜೀನ್ಸ್ ಅವರವರ ಮೈಯ ಕುಂಡಲಿ ಇದ್ದ ಹಾಗೆ, ಇನ್ನೊಬ್ಬರದ್ದಕ್ಕೆ ಹೋಲಲ್ಲ.

ಈಗ ನಾವು ಮಾಡೋದು ನೋಡಿ. ಎರಡು ವರ್ಷ ಕಾಯೋಕೆ ಯಾರಿಗೂ ಪುರುಸೊತ್ತಿಲ್ಲ. ಹೊಸ ಪ್ಯಾಂಟೇ ಬೇಕು, ಆದರೆ ಹಳೇದರ ಹಾಗೆ ಕಾಣಬೇಕು. ಅಷ್ಟು ಕಷ್ಟಪಟ್ಟು ಹತ್ತಿಸಿದ ಬಣ್ಣವನ್ನ ಅಷ್ಟೇ ಕಷ್ಟಪಟ್ಟು ಕೀಳಬೇಕು. ಪ್ಯೂಮಿಸ್ ಕಲ್ಲು ಹಾಕಿ ದೊಡ್ಡ ಡ್ರಮ್ಮಿನಲ್ಲಿ ತಿರುಗಿಸ್ತಾರೆ, ಬ್ಲೀಚ್ ಹಾಕ್ತಾರೆ, ತೊಡೆ ಮೇಲೆ ಬಿಳಿಮಚ್ಚೆ ಬರಿಸೋಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸ್ತಾರೆ, ಆಮೇಲೆ ಅದರ ಕಸುವು ತೆಗೆಯೋಕೆ ಇನ್ನೊಂದು ರಾಸಾಯನಿಕ. ಪ್ರತಿ ಹಂತಕ್ಕೂ ನೀರು. ಕೆಲವು ದೇಶಗಳಲ್ಲಿ ಮರಳನ್ನ ರಭಸದಿಂದ ಬಟ್ಟೆ ಮೇಲೆ ಊದಿ ಉಜ್ಜಿಸ್ತಿದ್ರು. ಟರ್ಕಿಯಲ್ಲಿ ಆ ಕೆಲಸಕ್ಕಿದ್ದ ಹುಡುಗರ ಶ್ವಾಸಕೋಶಕ್ಕೆ ಮರಳಿನ ಧೂಳು ಹೋಗಿ ಸಿಲಿಕೋಸಿಸ್ ಬಂದು ಜೀವ ಹೋದವು. 2009ರಲ್ಲಿ ಅಲ್ಲಿನ ಸರ್ಕಾರ ಅದನ್ನ ನಿಷೇಧಿಸ್ತು. ನಮ್ಮ ಮಾಸ್ಟ್ರು ಬಳ್ಳಾರಿ ಕಡೆಯವರು. ಅವರು ಕತ್ತರಿ ಆಡಿಸ್ತಾ ಒಂದಿನ ಅಂದ ಮಾತಿಗೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ: ‘ಹೊಸಾ ಪ್ಯಾಂಟಿಗೆ ಹಳೇದರ ವೇಷ ಹಾಕ್ಸಾಕ ಇಷ್ಟು ಒದ್ದಾಡ್ತೀವಲ್ರೀ, ಹಳೇದನ್ನ ಹಾಕ್ಕೊಂಡ್ರ ಆಗಂಗಿಲ್ಲೇನ್ರೀ?’

ಅವರ ಊರಿನ ಕಥೆಗೆ ಬರ್ತೀನಿ. ಬೆಂಗಳೂರಲ್ಲಿ ಕೂತು ಸಸ್ಟೇನಬಲ್ ಅನ್ನೋರಿಗೆ ಆ ಕಥೆ ಗೊತ್ತಿರಲೇಬೇಕು.

ಬಳ್ಳಾರಿ ಅಂದಾಕ್ಷಣ ನಮಗೆ ಗಣಿ, ಕೆಂಪು ಧೂಳು, ಬಿಸಿಲು ನೆನಪಾಗುತ್ತೆ. ಅದು ದೇಶದ ದೊಡ್ಡ ಜೀನ್ಸ್ ಊರುಗಳಲ್ಲಿ ಒಂದು ಅನ್ನೋದು ನೆನಪಾಗಲ್ಲ. ಬ್ರಿಟಿಷರ ದಂಡು ಅಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲೀತಿದ್ದ ದರ್ಜಿಗಳ ಕಸುಬೇ ಮುಂದೆ ಜೀನ್ಸಿಗೆ ತಿರುಗ್ತು ಅಂತ ಊರಿನವರು ಹೇಳ್ತಾರೆ. ಕೌಲ್ ಬಜಾರ್, ಬಂಡಿಹಟ್ಟಿ ಕಡೆ ಹೋದರೆ ಮನೆಯೊಳಗೇ ಮಿಷಿನ್ನು. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಸೊಂಟಪಟ್ಟಿ, ಜಗಲಿ ಮೇಲೆ ಕೂತ ಹೆಂಗಸರು ದಾರ ಕತ್ತರಿಸೋದು, ಗುಂಡಿ ಹಚ್ಚೋದು, ಪೀಸಿಗಿಷ್ಟು ಅಂತ. ನೂರಾರು ಸಣ್ಣ ಘಟಕಗಳು, ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತೆ. ನೀವು ಯಾವುದೋ ಬ್ರ್ಯಾಂಡಿನ ಹೆಸರಲ್ಲಿ ಕೊಂಡ ಪ್ಯಾಂಟು ಅಲ್ಲಿ ಹೊಲಿದದ್ದಾಗಿರಬಹುದು. ಹೊಲಿದಾದ ಮೇಲೆ ಅದು ವಾಷಿಂಗಿಗೆ ಹೋಗಲೇಬೇಕು, ಯಾಕಂದ್ರೆ ನಮಗೆ ಮಾಸಿದ್ದೇ ಬೇಕಲ್ಲ. ನೀರಿಗಾಗಿ ತುಂಗಭದ್ರೆಯ ಕಡೆ ಮುಖ ಮಾಡಿ ಕೂತ ಊರು ನಮ್ಮ ತೊಡೆ ಮೇಲಿನ ಬಿಳಿಮಚ್ಚೆಗೆ ನೀರು ಕೊಡುತ್ತೆ, ನೀಲಿ ನೀರನ್ನ ತನ್ನ ಹಳ್ಳದಲ್ಲೇ ಇಟ್ಕೊಳ್ಳುತ್ತೆ.

2024ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಬಳ್ಳಾರಿಯ ಹಲವು ವಾಷಿಂಗ್ ಘಟಕಗಳನ್ನ ಮುಚ್ಚೋಕೆ ಆದೇಶ ಕೊಡ್ತು. ಸಂಸ್ಕರಿಸದ ನೀರನ್ನ ಹೊರಗೆ ಬಿಡೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಕುಡಿಯೋ ನೀರು, ಹೊಲದ ನೀರು ಕೆಡಿಸೋ ಹಕ್ಕು ಬಡವ ಸಾಹುಕಾರ ಯಾರಿಗೂ ಇಲ್ಲ. ಆದರೆ ವಾಷಿಂಗ್ ನಿಂತರೆ ಹೊಲಿಗೆ ನಿಲ್ಲುತ್ತೆ, ಹೊಲಿಗೆ ನಿಂತರೆ ಜಗಲಿ ಮೇಲೆ ಗುಂಡಿ ಹಚ್ಚೋ ಹೆಂಗಸಿಗೆ ಆ ದಿನದ ದುಡ್ಡಿಲ್ಲ. ಆ ಬಿಳಿಮಚ್ಚೆ ಕೇಳಿದ ನಮಗಾಗಲಿ, ಅದನ್ನ ಡಿಸೈನ್ ಮಾಡಿ ಆರ್ಡರ್ ಕೊಟ್ಟ ಕಂಪನಿಗಾಗಲಿ ಒಂದು ನೋಟಿಸೂ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

ಇದಕ್ಕೆ ದಾರಿ ಇಲ್ಲವೇ ಅಂದ್ರೆ ಪಕ್ಕದ ರಾಜ್ಯದಲ್ಲೇ ಇದೆ. ತಿರುಪ್ಪೂರಿನ ಬಣ್ಣದ ಘಟಕಗಳು ನೊಯ್ಯಲ್ ನದಿಯನ್ನ ಎಷ್ಟು ಕೆಡಿಸಿದ್ವು ಅಂದ್ರೆ, ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಹೊಲಕ್ಕೆ ಬಿಡೋ ನೀರಿನ ಬದಲು ಕಾರ್ಖಾನೆಗಳ ಕೊಳಕು ನಿಂತಿತ್ತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ನೂರಾರು ಘಟಕಗಳನ್ನ ಒಟ್ಟಿಗೇ ಮುಚ್ಚಿಸ್ತು. ಆಮೇಲೆ ಅಲ್ಲಿ ಆದದ್ದು ಮುಖ್ಯ. ಸಣ್ಣವರು ಒಬ್ಬೊಬ್ಬರೇ ಕಟ್ಟಲಾಗದ ಶುದ್ಧೀಕರಣ ಘಟಕವನ್ನ ಹತ್ತಾರು ಜನ ಸೇರಿ ನಡೆಸೋ ವ್ಯವಸ್ಥೆ ಬಲವಾಯ್ತು, ಸರ್ಕಾರ ಸಾಲ ಕೊಟ್ಟು ಕೈಹಿಡೀತು, ಹೊರಗೆ ಒಂದು ಹನಿಯೂ ಬಿಡದೆ ನೀರನ್ನ ಶುದ್ಧ ಮಾಡಿ ಮತ್ತೆ ಬಳಸೋದು ನಿಯಮ ಆಯ್ತು. ಅಲ್ಲಿ ಎಲ್ಲಾ ಸರಿಹೋಯ್ತು ಅಂತಲ್ಲ. ಆದರೆ ಸಣ್ಣ ಉದ್ಯಮವನ್ನ ಸಾಯಿಸದೆ ನದಿ ಉಳಿಸೋಕೆ ಏನು ಬೇಕು ಅಂತ ಗೊತ್ತಾಯ್ತು: ಪೈಪು, ತೊಟ್ಟಿ, ಸಾಲ, ಕಾವಲು. 2023ರ ಚುನಾವಣೆ ಹೊತ್ತಲ್ಲಿ ಬಳ್ಳಾರಿಯನ್ನ ಜೀನ್ಸ್ ರಾಜಧಾನಿ ಮಾಡೋ ಮಾತು ವೇದಿಕೆ ಮೇಲೆ ಕೇಳಿಬಂತು. ರಾಜಧಾನಿ ಆಮೇಲೆ ಮಾಡಿ ಸ್ವಾಮಿ, ಮೊದಲು ಅಲ್ಲಿನ ಎಲ್ಲ ಸಣ್ಣ ವಾಷಿಂಗ್ ಘಟಕಗಳ ನೀರೂ ಬಂದು ಸೇರೋ ಹಾಗೆ ಶುದ್ಧೀಕರಣ ವ್ಯವಸ್ಥೆ ಮಾಡಿ.

ನಮ್ಮ ಅಂಗಡಿಯಲ್ಲಿ ನಾವೇನು ಮಾಡ್ತೀವಿ ಅಂತ ಕೇಳ್ತೀರಿ. ಹೇಳ್ತೀನಿ, ಜಾಹೀರಾತು ಅಂದ್ಕೋಬೇಡಿ, ಅದಕ್ಕೇ ಅಂಗಡಿ ಹೆಸರು ಎಲ್ಲೂ ಹಾಕಿಲ್ಲ.

ಬಟ್ಟೆಯನ್ನ ತೊಳೆಸೋದಿಲ್ಲ. ಗಿರಣಿಯಿಂದ ಬಂದ ಕಡುನೀಲಿ ಬಟ್ಟೆಯನ್ನೇ ಹೊಲಿದು ಕೊಡ್ತೀವಿ, ಮಾಸಿಸೋ ಕೆಲಸ ನಿಮ್ಮದು. ಅಳತೆ ಕೊಟ್ಟು ಮುಂಗಡ ಕೊಟ್ಟ ಮೇಲೆ ಕತ್ತರಿ ಹಾಕ್ತೀವಿ, ಹಾಗಾಗಿ ವರ್ಷಾಂತ್ಯದಲ್ಲಿ ಅರ್ಧ ಬೆಲೆಗೆ ಸುರಿಯೋಕೆ ರಾಶಿ ಉಳಿಯಲ್ಲ. ಲೈಕ್ರಾ ಬೆರೆತ ಬಟ್ಟೆ ತರೋದಿಲ್ಲ. ಆ ರಬ್ಬರಿನಂಥ ಎಳೆ ಶೇಕಡಾ ಒಂದೆರಡು ಇದ್ದರೂ ಒಗೆದು ಒಗೆದು ಸಡಿಲವಾಗಿ ಮಂಡಿ ಹತ್ರ ಜೋಲು ಬೀಳುತ್ತೆ, ಹತ್ತಿಯಿಂದ ಅದನ್ನ ಬೇರ್ಪಡಿಸಿ ಮರುಬಳಕೆ ಮಾಡೋದೂ ಕಷ್ಟ. ಸೊಂಟದಲ್ಲೂ ಪಾದದ ಮಡಿಕೆಯಲ್ಲೂ ಒಂದಿಷ್ಟು ಬಟ್ಟೆ ಹೆಚ್ಚು ಬಿಡ್ತೀವಿ, ಯಾಕಂದ್ರೆ ಮನುಷ್ಯರು ದಪ್ಪ ಆಗ್ತಾರೆ, ಇದನ್ನ ನಮ್ಮಜ್ಜಿ ಕಾಲದ ದರ್ಜಿಗಳೆಲ್ಲ ತಿಳಿದಿದ್ರು. ಕತ್ತರಿಸಿ ಉಳಿದ ತುಂಡುಗಳನ್ನ ಎತ್ತಿಡ್ತೀವಿ, ನಾಳೆ ಅದೇ ಪ್ಯಾಂಟಿನ ತೂತಿಗೆ ಅದೇ ಬಟ್ಟೆಯ ತೇಪೆ ಬೇಕಾಗುತ್ತೆ. ರಿಪೇರಿಗೆ ದುಡ್ಡು ತಗೊಳ್ಳಲ್ಲ.

ಇದ್ಯಾವುದನ್ನೂ ನಾವು ಕಂಡುಹಿಡೀಲಿಲ್ಲ. ಸ್ವೀಡನ್ನಿನ ನ್ಯೂಡಿ ಜೀನ್ಸ್ ಅಂಗಡಿಗಳಲ್ಲಿ ರಿಪೇರಿ ಪುಕ್ಕಟೆ. ವೇಲ್ಸ್‌ನ ಕಾರ್ಡಿಗನ್ ಅನ್ನೋ ಪುಟ್ಟ ಊರಲ್ಲಿ ಸುಮಾರು 400 ಜನ ಕೆಲಸ ಮಾಡ್ತಿದ್ದ ಜೀನ್ಸ್ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕ್ತು. ಹತ್ತು ವರ್ಷದ ಮೇಲೆ ಹ್ಯೂಟ್ ಡೆನಿಮ್ ಅನ್ನೋ ಸಣ್ಣ ಕಂಪನಿ ಅಲ್ಲಿ ಶುರುವಾಗಿ, ಆ ಹಳೇ ಕೈಗಳಿಗೇ ಮತ್ತೆ ಕೆಲಸ ಕೊಡ್ತು. ಆರು ತಿಂಗಳು ಒಗೆಯದೆ ಹಾಕ್ಕೊಳ್ಳಿ ಅಂತ ಗಿರಾಕಿಗಳಿಗೆ ಒಂದು ಕ್ಲಬ್ಬನ್ನೇ ಕಟ್ತು. ಆ ಕಥೆ ಹೇಳಿ ಕಣ್ಣರಳಿಸೋ ಗಿರಾಕಿಗಳು ನಂಗೆ ಬೇಕಾದಷ್ಟು ಸಿಕ್ಕಿದ್ದಾರೆ. ಅವರಲ್ಲಿ ಕೌಲ್ ಬಜಾರಿನ ಹೆಸರು ಕೇಳಿದವರು ಬೆರಳೆಣಿಕೆ. ದೂರದ ಊರಿನ ಸಣ್ಣ ಕೈಗಳು ಕುಶಲಕರ್ಮಿಗಳು, ನಮ್ಮೂರಿನ ಸಣ್ಣ ಕೈಗಳು ‘ಲೋಕಲ್ ಮಾಲ್’.

ಇಷ್ಟೆಲ್ಲ ಮಾಡಿಯೂ ಆ ಪದ ಯಾಕೆ ಹಾಕಲ್ಲ? ಲೆಕ್ಕ ಕೇಳಿ. ಲೀವೈಸ್ ಕಂಪನಿ 2015ರಲ್ಲಿ ತನ್ನ 501 ಜೀನ್ಸಿನ ಇಡೀ ಜೀವಮಾನದ ನೀರಿನ ಲೆಕ್ಕ ಹೊರಗಿಟ್ಟಿತು. ಒಂದು ಪ್ಯಾಂಟಿಗೆ 3,781 ಲೀಟರ್. ಅದರಲ್ಲಿ ಶೇ. 68 ಹತ್ತಿ ಬೆಳೆಯೋಕೆ, ಶೇ. 23 ಕೊಂಡವರು ಮನೆಯಲ್ಲಿ ಒಗೆಯೋಕೆ. ಅಂದ್ರೆ ಹೊಲ ಮತ್ತು ನಿಮ್ಮ ವಾಷಿಂಗ್ ಮಿಷಿನ್ನು ಸೇರಿ ಹತ್ತರಲ್ಲಿ ಒಂಬತ್ತು ಪಾಲು. ಕಾರ್ಖಾನೆ ಕುಡಿಯೋದು ಕಮ್ಮಿ, ಆದರೆ ಕುಡಿದದ್ದನ್ನ ವಿಷ ಮಾಡಿ ಉಗುಳುತ್ತೆ, ಆದ್ದರಿಂದ ಬಳ್ಳಾರಿಯ ಮಾತು ಸುಳ್ಳಾಗಲ್ಲ. ಆದರೆ ಹತ್ತಿಯ ಆ ದೊಡ್ಡ ಪಾಲಿನ ಮೇಲೆ ನಮ್ಮಂಥ ಮೂರು ಮಿಷಿನ್ನಿನ ಅಂಗಡಿಗೆ ಹಿಡಿತವೇ ಇಲ್ಲ. ಗಿರಣಿಯವರು ಕೊಟ್ಟ ಥಾನು ನಾವು ತರ್ತೀವಿ. ಆ ಹತ್ತಿ ಹಾವೇರಿಯದೋ ಗುಜರಾತಿನದೋ, ಮಳೆ ನೀರಿನದೋ ಬೋರ್‌ವೆಲ್ಲಿನದೋ ನಂಗೆ ಹೇಳೋರಿಲ್ಲ. ಗಿಡದ ನೀಲಿ ಬಳಸಿ ಅಂತ ಸಲಹೆ ಕೊಡೋರಿದ್ದಾರೆ. ಗಿಡ ಅಂದ ಮಾತ್ರಕ್ಕೆ ಪಾಪ ಪರಿಹಾರ ಆಗಲ್ಲ. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋಗಬೇಕಾಗಿ ಬಂದದ್ದು ಅದೇ ಗಿಡದ ನೀಲಿಯನ್ನ ರೈತರ ತಲೆಗೆ ಕಟ್ಟಿದ್ದರಿಂದ. ಇಷ್ಟು ಗೊತ್ತಿದ್ದೂ ನಾನು ಹಸಿರು ಚೀಟಿ ಕಟ್ಟಿದರೆ, ಎಚ್ ಅಂಡ್ ಎಂಗೂ ನಂಗೂ ವ್ಯತ್ಯಾಸ ಅಂಗಡಿಯ ಚದರಡಿಯಲ್ಲಿ ಮಾತ್ರ.

ಇಲ್ಲಿ ಎದ್ದೇಳೋ ಆಕ್ಷೇಪ ನಂಗೆ ಗೊತ್ತು. ‘ಇದೆಲ್ಲ ದುಡ್ಡಿರೋರ ಶೋಕಿ ಕಣ್ರೀ. ಪಿಜಿ ಬಾಡಿಗೆ, ಎಜುಕೇಷನ್ ಲೋನಿನ ಇಎಂಐ ಕಟ್ಟಿ ಉಳಿದಿದ್ದರಲ್ಲಿ ನಿಮ್ಮ 3,200 ರೂಪಾಯಿ ಪ್ಯಾಂಟು ಯಾರು ತಗೋತಾರೆ?’ ನ್ಯಾಯವಾದ ಮಾತು. ಅದಕ್ಕೆ ನಾನು ಕೊಡೋ ಉತ್ತರ ನನ್ನ ವ್ಯಾಪಾರಕ್ಕೇ ಮುಳ್ಳು: ತಗೋಬೇಡಿ. ನೀವು 900 ರೂಪಾಯಿಗೆ ಕೊಂಡ ಪ್ಯಾಂಟನ್ನ ಐದು ವರ್ಷ ಹಾಕಿದರೆ, ಒಂದು ಸೀಸನ್ ಹಾಕಿ ಮೂಲೆಗೆ ಎಸೆಯೋ ನನ್ನ ಪ್ಯಾಂಟಿಗಿಂತ ಅದು ಎಷ್ಟೋ ಮೇಲು. ಹತ್ತಿಗೆ ಹೋದ ನೀರು ಒಂದೇ ಸಲ ಹೋಗಿಯಾಯ್ತು. ಅದನ್ನ ಒಂದು ವರ್ಷಕ್ಕೆ ಭಾಗಿಸ್ತೀರೋ ಐದಕ್ಕೋ ಅನ್ನೋದು ನಿಮ್ಮ ಕೈಲಿದೆ. ದುಬಾರಿ ‘ಎಥಿಕಲ್’ ಬಟ್ಟೆಯನ್ನ ವರ್ಷಕ್ಕೆ ಆರು ಜೊತೆ ಕೊಳ್ಳೋದು ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ.

ಇನ್ನೊಂದು ಆಕ್ಷೇಪ ವಾಸನೆಯದ್ದು. ಬೆಂಗಳೂರಿನ ಬೆವರು, ಮೆಟ್ರೋ ನೂಕುನುಗ್ಗಲು, ತಿಂಗಳುಗಟ್ಟಲೆ ಒಗೆಯದೆ ಹೇಗೆ ಹಾಕೋದು? ವೇಲ್ಸಿನ ಚಳಿಯ ವ್ರತ ನಮಗೆ ಬೇಕಿಲ್ಲ. ಕೊಳೆಯಾದಾಗ ಒಗೀರಿ. ಒಂದು ಸಲ ಹಾಕಿದ ತಕ್ಷಣ ಅಭ್ಯಾಸಬಲದಿಂದ ಮಿಷಿನ್ನಿಗೆ ಎಸೆಯೋದನ್ನ ಬಿಡಿ. ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಒಗೆದು, ನೆರಳಲ್ಲಿ ಒಣಹಾಕಿ. ಉಳಿದ ದಿನ ರಾತ್ರಿ ಕಿಟಕಿ ಹತ್ರ ಗಾಳಿಗೆ ನೇತುಹಾಕಿದರೆ ಬೆಳಿಗ್ಗೆಗೆ ಸಾಕು.

ಅಂಗಡಿಗೆ ಹೋದಾಗ ಇನ್ಮೇಲೆ ಸಸ್ಟೇನಬಲ್ಲಾ ಅಂತ ಕೇಳಬೇಡಿ. ಹೌದು ಅನ್ನೋಕೆ ಯಾರಿಗೂ ಖರ್ಚಿಲ್ಲ. ಬದಲಿಗೆ ಮೂರು ಪ್ರಶ್ನೆ ಕೇಳಿ. ಇದು ಹರಿದರೆ ಹೊಲಿದು ಕೊಡ್ತೀರಾ? ಇದನ್ನ ಮಾಸಿಸಿದ ವಾಷಿಂಗ್ ಯಾವ ಊರಲ್ಲಾಯ್ತು, ಆ ನೀರು ಎಲ್ಲಿಗೆ ಹೋಯ್ತು? ಮಾರಾಟ ಆಗದೆ ಉಳಿದ ಪ್ಯಾಂಟುಗಳನ್ನ ಏನು ಮಾಡ್ತೀರಿ? ಮೂರರಲ್ಲಿ ಒಂದಕ್ಕಾದರೂ ನೇರ ಉತ್ತರ ಸಿಕ್ಕರೆ ಆ ಅಂಗಡಿ ಪರವಾಗಿಲ್ಲ. ಮಾಲ್‌ನಲ್ಲಿ ನಿಂತ ಪಾಪದ ಸೇಲ್ಸ್ ಹುಡುಗನಿಗೆ ಗೊತ್ತಿರಲ್ಲ, ಅವನ ಮೇಲೆ ರೇಗಬೇಡಿ. ಕಂಪನಿಗೆ ಬರೀರಿ. ನೀವು ಆಫೀಸಲ್ಲಿ ದಿನಕ್ಕೆ ನೂರು ಮೇಲ್ ಬರೆಯೋರು, ಇದೊಂದು ಹೆಚ್ಚಲ್ಲ. ನಿಮ್ಮ ಶಾಸಕರಿಗೂ ಒಂದು ಬರೀರಿ, ಬಳ್ಳಾರಿಯ ನೀರಿನ ತೊಟ್ಟಿ ಏನಾಯ್ತು ಅಂತ.

ಆಮೇಲೆ ಕಪಾಟು ತೆಗೆದು ಒಳಗೆ ಎಷ್ಟು ಜೀನ್ಸ್ ಇವೆ ಎಣಿಸಿ. ತೊಡೆ ಹತ್ರ ಸವೆದು ತೂತಾಗಿದೆ ಅಂತ ಹಿಂದಕ್ಕೆ ತಳ್ಳಿದ್ದು ಒಂದಾದರೂ ಸಿಗುತ್ತೆ. ಅದನ್ನ ತಗೊಂಡು ನಿಮ್ಮ ರಸ್ತೆ ಕೊನೆಯ ಆಲ್ಟರೇಷನ್ ಅಂಗಡಿಗೆ ಹೋಗಿ. ಒಳಗಿಂದ ಒಂದು ತುಂಡು ಬಟ್ಟೆ ಕೊಟ್ಟು, ಮೇಲಿಂದ ಓರೆ ಓರೆಯಾಗಿ ಮಿಷಿನ್ ಓಡಿಸಿ ಅಂತ ಹೇಳಿ, ಅವರಿಗೆ ಗೊತ್ತಾಗುತ್ತೆ. ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ. ಆ ತೇಪೆ ಸಂಜೆಯೊಳಗೆ ಆಗುತ್ತೆ, ಪ್ಯಾಂಟು ಇನ್ನೂ ಎರಡು ವರ್ಷ ಬರುತ್ತೆ, ಬಳ್ಳಾರಿಯ ಹಳ್ಳಕ್ಕೆ ಅಷ್ಟರಮಟ್ಟಿಗೆ ಒಂದು ಪ್ಯಾಂಟಿನ ನೀಲಿ ಕಮ್ಮಿ.